ಸೀಟಿನ ಕೆಳಗಿನ ವಾಲ್ವ್

ದೊಡ್ಡಪ್ಪನಿಗೆ ನಮಸ್ಕಾರ.

ಹಲಗೆಯ ಮೇಲೆ ನಿಂತವರನ್ನು ಹಗ್ಗದಲ್ಲಿ ಎಳೆಯುವ ನಿಮ್ಮ ವೇಕ್‌ಬೋರ್ಡ್ ದೋಣಿಗೆ, ಹಿಂದೆ ದೊಡ್ಡ ಅಲೆ ಏಳಲೆಂದು ನೀರಿನ ಭಾರ ತುಂಬುವ ಟ್ಯಾಂಕಿನ ಪೈಪನ್ನು ನಾನು ತಪ್ಪಾಗಿ ಜೋಡಿಸಿದ್ದೆ. ಎರಡು ವರ್ಷ ಬಾಯಿಬಿಡಲಿಲ್ಲ. ಪೈಪು ಸಾಲಲಿಲ್ಲವೆಂದು ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಹಾಯಿಸದೆ ನೇರ ಸಿಕ್ಕಿಸಿದ್ದೆ. ಅದಕ್ಕೇ ಪಂಪು ನಿಂತರೂ ನೀರು ತಾನಾಗಿ ಒಳಬರುತ್ತದೆ. "ಪಂಪಿನ ಸ್ವಿಚ್ಚು ಆರಿಸೋಕೂ ಬರಲ್ವೇನಯ್ಯಾ?" ಎಂದು ನೀವು ದೋಣಿಯ ಡ್ರೈವರಣ್ಣನನ್ನು ಕೆಲಸದಿಂದ ತೆಗೆದಾಗ ನಾನು ಸ್ಪ್ಯಾನರ್ ಒರೆಸುತ್ತಾ ಪಕ್ಕದಲ್ಲೇ ನಿಂತಿದ್ದೆ.

ನಿನ್ನೆ ದೋಣಿಯ ಹಿಂಭಾಗ ಮುಳುಗುವಷ್ಟು ಕೆಳಗಿಳಿದಿತ್ತು. ಅಲ್ಲಿ ನಿಮ್ಮ ಮೊಮ್ಮಗಳು ಕಾಲಾಡಿಸುತ್ತಾ ಕೂತಿದ್ದಳು.

ಆ ಪೈಪಿಗೆ ನೀರು ಬಿಡುವ, ಹಿಂದಿನ ಸೀಟಿನ ಕೆಳಗಿನ ವಾಲ್ವನ್ನು ಮುಚ್ಚಿ ತಂತಿ ಬಿಗಿದಿದ್ದೇನೆ. ಪೈಪು ಬದಲಿಸುವವರೆಗೆ ತೆರೆಯಬೇಡಿ, ಮಗುವನ್ನು ಹತ್ತಿಸಬೇಡಿ.

ಡ್ರೈವರಣ್ಣನಿಗೆ ಮುಖ ತೋರಿಸಲು ಭಯವಾಗುತ್ತಿದೆ. ಆದರೂ ಹೇಳಲೇಬೇಕು. ನಾಳೆ ಅವರ ಊರಿಗೆ ಹೊರಡುತ್ತೇನೆ.

ಶಾಲೆ ಬಿಟ್ಟು ನಿಮ್ಮ ವರ್ಕ್‌ಶಾಪ್ ಸೇರಿದ
ಮೊಂಡಿ