ಬಾಗಿಲಲ್ಲಿ ನಿಂತವಳಿಗೆ

ಮಾಂಬಳ್ಳಿ,
೧೪-೮-೧೯೬೮

ಗೆಳತಿ ಮಹದೇವಮ್ಮನಿಗೆ,

ಶಿವನಂಜಮ್ಮ ಮಾಡುವ ನಮಸ್ಕಾರ. ನಾನು ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದು ಕೆಲಸದಿಂದಲ್ಲ. ಬರೆಯಲು ಕೂತಾಗಲೆಲ್ಲ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಇವತ್ತು ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ.

ನಿನಗೆ ಆರು ತಿಂಗಳಂತೆ. ಮೈಸೂರಿನಲ್ಲಿ ಒಟ್ಟಿಗೆ ಸೂಲಗಿತ್ತಿ ತರಬೇತಿ ಪಡೆದ ಸಲುಗೆಯಿಂದ, ನನ್ನ ಹೆರಿಗೆಗೆ ನೀನೇ ಬರಬೇಕು, ಬೇರೆಯವರ ಕೈ ಮೇಲೆ ನನಗೆ ನಂಬಿಕೆಯಿಲ್ಲ ಎಂದು ಬರೆದಿದ್ದೀಯ. ಅದೇ ಕಾಗದದಲ್ಲಿ ಸತ್ತ ಚೆಲುವಮ್ಮನ ವಿಷಯಕ್ಕೆ ಮೂರೇ ಸಾಲು: ಅವರು ತಡವಾಗಿ ಬಂದರು, ಮಂಚ ಖಾಲಿ ಇರಲಿಲ್ಲ, ಅವಳ ಹಣೆಬರಹ.

ಚೆಲುವಮ್ಮನಿಗೆ ಅದು ಚೊಚ್ಚಲು. ಒಂಬತ್ತು ತುಂಬುವ ಹೊತ್ತಿಗೆ ಕಾಲು, ಮುಖ ಊದಿಕೊಂಡು ರಕ್ತದೊತ್ತಡ ಏರಿತ್ತು. ಹರಿಜನ ಕೇರಿಯ ಹೆಂಗಸರು ಮನೆಯಲ್ಲೇ ಆಗಲಿ ಎಂದರು. ಬೇಡವೆಂದು ಹಟ ಹಿಡಿದವಳು ನಾನು. ಕೊಳ್ಳೇಗಾಲದಲ್ಲಿ ಪುಟ್ಟಗೌರಮ್ಮನವರ ಧರ್ಮದ ಹೆರಿಗೆ ಮನೆಯಿದೆ, ಅಲ್ಲಿ ನನ್ನ ಗೆಳತಿ ನರ್ಸಾಗಿದ್ದಾಳೆ ಎಂದು ಧೈರ್ಯ ಹೇಳಿದೆ. ನಿನ್ನ ಹೆಸರಿಗೆ ಚೀಟಿ ಬರೆದು, ಗಂಡ ಚಿಕ್ಕಮಾದಯ್ಯನ ಜೊತೆ ಬೆಳಗಿನ ಬಸ್ಸು ಹತ್ತಿಸಿದೆ. ಒಂಬತ್ತು ಗಂಟೆಗೆಲ್ಲ ನಿನ್ನ ಮುಂದೆ ಇದ್ದರು. ತಡ ಎಲ್ಲಿ ಬಂತು?

ಆಮೇಲಿನದನ್ನು ಚಿಕ್ಕಮಾದಯ್ಯ ಹೇಳಿದ. ಹೇಳುವಾಗ ಅವನು ಅಳಲೂ ಇಲ್ಲ. "ಸಿಸ್ಟರಮ್ಮ ಚೀಟಿ ಓದ್ಬುಟ್ಟು, ಯಾವ ಕೇರಿಯವ್ರು ಅಂದ್ರು. ಯೋಳ್ದೆ. ಆಮೇಕೆ, ವರಾಂಡದಲ್ಲೇ ಮನಗ್ಸು ಅಂದ್ರು ಕಣಕ್ಕ. ಒಳಗೆ ಎಲ್ಡು ಮಂಚ ಖಾಲಿ ಇದ್ವು, ನಾನೇ ಕಂಡೆ."

ಮಧ್ಯಾಹ್ನ ಆ ಕಲ್ಲು ಚಪ್ಪಡಿಯ ಮೇಲೇ ಹೆಣ್ಣುಮಗು ಹುಟ್ಟಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ನೀನು ಬಾಗಿಲಲ್ಲಿ ನಿಂತು, ಏನೂ ಕಲಿಯದ ಆಯಾಗೆ ಹೊಟ್ಟೆ ಒತ್ತು, ಬಟ್ಟೆ ಇಡು ಎಂದು ಹೇಳಿಕೊಡುತ್ತಿದ್ದೆಯಂತೆ. ಗರ್ಭಕೋಶ ಗಟ್ಟಿಯಾಗುವ ತನಕ ನೀವೇ ಕೈ ಇಟ್ಟಿರಬೇಕೆಂದು ತರಬೇತಿಯಲ್ಲಿ ನಮಗೆ ಎಷ್ಟು ಸಲ ಹೇಳಿದ್ದರು? ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಿನಗೇ ಹೆಚ್ಚು ಅಂಕ. ಡಾಕ್ಟರಮ್ಮನ ಮನೆ ಆಸ್ಪತ್ರೆಯ ಹಿಂದೆಯೇ ಇದೆ. ಅವರನ್ನು ಕರೆಸಿದ್ದು ನಾಲ್ಕು ಗಂಟೆಗೆ, ಚೆಲುವಮ್ಮನ ಉಸಿರು ನಿಂತ ಮೇಲೆ.

ಮಾರನೆಯ ದಿನ ನಾನು ಬಂದೆ. ನೀನು ಊರಿಗೆ ಹೋಗಿದ್ದೀಯೆಂದು ಆಯಾ ಹೇಳಿದಳು. ಔಷಧಿ ಕೋಣೆಯಲ್ಲಿ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಗೇಟಿನ ತನಕ ನನ್ನ ಜೊತೆ ಬಂದು ಅವಳೇ ತಗ್ಗಿದ ದನಿಯಲ್ಲಿ, "ಡಾಕ್ಟರಮ್ಮನ್ನ ಕರೀತೀನಿ ಅಂದೆ ಕಣವ್ವ, ಇಂತೋರಿಗೆಲ್ಲ ಅವರ್ನ ಎಬ್ಬುಸ್ಬೇಡ ಅಂದ್ರು ಸಿಸ್ಟರಮ್ಮ" ಎಂದಳು. ಅಧಿಕಾರಿಗಳ ಮುಂದೆಯೂ ಹೇಳುತ್ತಾಳಂತೆ. ನಾನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅರ್ಜಿ ಕಳಿಸಿದ್ದೇನೆ. ಅದರಲ್ಲಿ ನಿನ್ನ ಹೆಸರು ಪೂರ್ತಿ ಬರೆದಿದ್ದೇನೆ.

ಮಗು ಬದುಕಿದೆ. ಹಸುವಿನ ಹಾಲಿಗೆ ನೀರು ಬೆರೆಸಿ ಬಟ್ಟೆಯ ಬತ್ತಿಯಲ್ಲಿ ಕುಡಿಸುತ್ತಿದ್ದೇವೆ. ಅರ್ಧ ಕಕ್ಕಿಬಿಡುತ್ತದೆ.

ನಿನ್ನ ಹೆರಿಗೆಗೆ ಕರೆ ಕಳಿಸಿದರೆ ಬರುತ್ತೇನೆ, ಅದು ನನ್ನ ಕೆಲಸ. ಗೆಳೆತನ ಮಾತ್ರ ಆ ವರಾಂಡದಲ್ಲಿ ಮುಗಿಯಿತು. ಹೊಟ್ಟೆಯ ಕೂಸಿನ ಮೇಲೆ ನನಗೆ ಕೋಪವಿಲ್ಲ. ಅದು ಸುಖವಾಗಿ ಬರಲಿ, ತಾಯಿಯ ಹಾಲು ಕುಡಿದು ಬೆಳೆಯಲಿ. ಮಾದಪ್ಪ ಕಾಯಲಿ.

ಇತಿ,
ಶಿವನಂಜಮ್ಮ

ಇನ್ನೊಂದು ಮಾತು: ಚಿಕ್ಕಮಾದಯ್ಯ ನನ್ನ ಒಡಹುಟ್ಟಿದ ತಮ್ಮ. ನಾನೂ ಅದೇ ಕೇರಿಯವಳು. ಮೈಸೂರಿನಲ್ಲಿ ನನ್ನ ಹೆಸರು ಕೇಳಿ ನೀನು ನಿಮ್ಮ ಜಾತಿಯವಳೇ ಎಂದುಕೊಂಡೆ. ಹದಿನೆಂಟು ತಿಂಗಳು ಒಂದೇ ತಟ್ಟೆಯಲ್ಲಿ ಉಂಡೆವು, ನಾನು ಬಾಯಿ ಬಿಡಲಿಲ್ಲ. ಚೀಟಿಯಲ್ಲೂ ತಮ್ಮನ ಹೆಂಡತಿ ಎಂದು ಬರೆಯದೆ 'ಊರಿನ ಹೆಂಗಸು' ಎಂದು ಬರೆದೆ. ಬಸ್ಸಿನ ಹತ್ತಿರ ಚೆಲುವಮ್ಮ ನನ್ನ ಕೈ ಹಿಡಿದು, "ನೀನೂ ಬಾ ಅಕ್ಕ, ನಂಗೆ ಎದ್ರುಕೆ ಆಯ್ತದೆ" ಎಂದಳು. ನಿನ್ನೆದುರು ಅವಳು ನನ್ನನ್ನು ಅಕ್ಕ ಎಂದು ಕರೆದುಬಿಟ್ಟರೆ ಎಂದು ಹೆದರಿ, ಸಿಡುಬಿನ ಚುಚ್ಚುಮದ್ದು ಹಾಕಲು ಹೋಗಬೇಕೆಂದೆ. ಅವತ್ತು ನನಗೆ ಯಾವ ಕೆಲಸವೂ ಇರಲಿಲ್ಲ.