ಉಕ್ಕಿದ ಹಾಲು, ಒಡೆದ ಹಾಲು

ಕಾಸಾರಶಿರಸಿ,
ಭಾನುವಾರ, 18 ಜನವರಿ 2026

ಪ್ರೀತಿಯ ಮೊಮ್ಮಗಳು ರೂಪಾಲಿಗೆ ನಿನ್ನ ಮುತ್ಯಾ ಮಲ್ಲಣ್ಣನ ಮತ್ತು ನಿನ್ನ ಆಯಿಯ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಕೈ ನಡುಗುವುದು ನಿಂತಿದೆಯೇ? ನಿದ್ದೆ ಸರಿಯಾಗಿ ಹತ್ತುತ್ತಿದೆಯೇ? ಇದನ್ನೆಲ್ಲ ಮಧ್ಯಾಹ್ನ ಫೋನಿನಲ್ಲೇ ಕೇಳಬಹುದಿತ್ತಲ್ಲ ಅನ್ನುತ್ತೀಯ. ಕೇಳಬೇಕೆಂದೇ ಬೆಳಗಿನಿಂದ ಫೋನು ಹಿಡಿದು ಕೂತಿದ್ದೆ. ಆದರೆ ಪೊಲೀಸ್ ಭರ್ತಿಗೆ ತಯಾರು ಮಾಡುವ ನಿಮ್ಮ ಉದಗೀರದ ಅಕಾಡೆಮಿಯವರು ವಾರಕ್ಕೆ ಐದೇ ನಿಮಿಷ ಫೋನು ಕೊಡುತ್ತಾರೆ, ಅದೂ ಸ್ಪೀಕರ್ ಹಾಕಿ, ಪಕ್ಕದಲ್ಲಿ ನಿಮ್ಮ ಸರ್ ನಿಂತು ಕೆಮ್ಮುತ್ತಿರುತ್ತಾರೆ. ನೀನು ಖುಷಿಯಿಂದ “ಮುತ್ಯಾ, ಪ್ರೋಟೀನ್ ಡಬ್ಬಿ ಮುಟ್ಟ್ಯದ. ಬಿರಪ್ಪನ ಪ್ರಸಾದ ಅಂತ ಆಯಿ ಹೇಳಿ ಕಳಿಸ್ಯಾಳ. ನಾಳಿಂದ ದಿನಾ ಮೂರು ಚಮಚಾ ಚಾಲೂ ಮಾಡ್ತೀನಿ” ಅಂದೆ. ನಾನು “ಹೂಂ” ಅಂದೆ. ಒಂದು ಕಾಲಕ್ಕೆ ಮೂರು ತಾಲೂಕಿನ ಪೈಲ್ವಾನರನ್ನು ಮಣ್ಣು ಮುಕ್ಕಿಸಿದವನು ಒಬ್ಬ ಸರ್ ಕೆಮ್ಮಿಗೆ ಹೆದರಿ ಹೂಂ ಅಂದುಬಿಟ್ಟೆ. ಆ ಹೂಂ ವಾಪಸ್ ತೆಗೆದುಕೊಳ್ಳಲು ಈ ಕಾಗದ. ಆ ಡಬ್ಬಿಯಿಂದ ಒಂದು ಚಮಚವನ್ನೂ ಬಾಯಿಗೆ ಹಾಕಬೇಡ. ಯಾಕೆ ಎಂದು ಹೇಳುತ್ತೇನೆ, ಆದರೆ ನನ್ನ ತಲೆಯೇ ಗೊಂದಲದ ಗೂಡಾಗಿದೆ. ಬರೆಯುತ್ತಾ ಹೋದರೆ ನನಗೂ ಒಂದಿಷ್ಟು ತಿಳಿದೀತು. ಕಾಗದ ನಿಮ್ಮ ಸರ್ ಕೈಗೆ ಸಿಕ್ಕರೂ ಹೆದರಬೇಡ. ನಮ್ಮ ಕನ್ನಡ ಮಾತು ಅವರ ಕಿವಿಗೆ ತಿಳಿಯುತ್ತದೆ, ಅಕ್ಷರ ಮಾತ್ರ ಓದಲು ಬರುವುದಿಲ್ಲ. ನೀನು ಮರಾಠಿ ಶಾಲೆಗೆ ಹೋಗುವಾಗ ಸಂಜೆ ಹೊತ್ತು ಕಿವಿ ಹಿಂಡಿ ಕನ್ನಡ ಕಲಿಸಿದ್ದು ಇವತ್ತಿಗೆ ಉಪಯೋಗಕ್ಕೆ ಬಂತು ನೋಡು.

ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪ ಅವ್ವ ಕುರಿ ಹಿಂಡಿನ ಜೊತೆ ಮಾಂಜ್ರಾ ನದಿಯ ಆಚೆ ಇದ್ದಾರೆ, ಶಿವರಾತ್ರಿಯ ಹೊತ್ತಿಗೆ ತಿರುಗುತ್ತಾರೆ. ಮನೆಯಲ್ಲಿ ಉಳಿದ ನಾಲ್ಕು ಕುರಿಗಳಲ್ಲಿ ನಿನ್ನ ಕರಿ ಕುರಿ ಅವಳಿ ಮರಿ ಹಾಕಿದೆ. ಹುಟ್ಟಿದ ಗಳಿಗೆಯಲ್ಲೇ ಎದ್ದು ಓಡಿದ್ದಕ್ಕೆ ಒಂದಕ್ಕೆ ಆಯಿ ನಿನ್ನ ಹೆಸರನ್ನೇ ಇಟ್ಟಿದ್ದಾಳೆ. ಇನ್ನೊಂದು ಎದ್ದು ನಿಲ್ಲಲೂ ಬೇಸರಪಡುತ್ತದೆ, ಅದಕ್ಕೆ ನನ್ನ ಹೆಸರು.

ಈಗ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿಗೆ ಒಂದು ದಿನದ ಸೂಟಿಯ ಮೇಲೆ ಬಂದಿದ್ದೆಯಲ್ಲ, ಆಗ ಚಹಾದ ಬಸಿ ನಿನ್ನ ಕೈಯಲ್ಲಿ ಕಟಕಟ ಅನ್ನುತ್ತಿತ್ತು. ನಾನು ನೋಡಿಯೂ ನೋಡದಂತೆ ಕೂತಿದ್ದೆ. ಪೊಲೀಸ್ ಭರ್ತಿಯ ಮೈದಾನ ಪರೀಕ್ಷೆಗೆ ಇನ್ನು ಹದಿನಾರು ದಿನ ಉಳಿದಿದೆ, ಗುಂಡು ಎಸೆದರೆ ಇನ್ನೂ ಒಂದು ಮೊಳ ಹಿಂದೆಯೇ ಬೀಳುತ್ತದೆ ಎಂದು ಆಯಿಯ ಮುಂದೆ ನೀನು ಅತ್ತದ್ದೂ ಗೊತ್ತು. “ಪ್ರೋಟೀನ್ ಕಮ್ಮಿ ಬಿದ್ದದಂತ ಸರ್ ಅಂದಾರ. ಎರಡು ಚಮಚಾದಾಗ ಆಗಂಗಿಲ್ಲ, ಮೂರು ತಗೋ ಅಂದಾರ” ಎಂದು ನೀನು ಅಂದೆ. ಸರ್ ಕೊಟ್ಟ ಡಬ್ಬಿಯನ್ನು ಮೂರು ತಿಂಗಳಿನಿಂದ ತಿನ್ನುತ್ತಿದ್ದೀಯ, ತೋಳು ಮಾತ್ರ ಹೋದ ದೀಪಾವಳಿಗೆ ಹೇಗಿತ್ತೋ ಹಾಗೇ ಇದೆ. ತಾಲೀಮಿನ ಮಣ್ಣಿನಲ್ಲಿ ಬೆಳೆದ ಕಣ್ಣು ನನ್ನದು, ಅದಕ್ಕೆ ಮೋಸ ಮಾಡುವುದು ಕಷ್ಟ. ಉಮರ್ಗಾದಿಂದ ನಾನೇ ಒಳ್ಳೆಯ ಡಬ್ಬಿ ತರುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ಬೆಳಿಗ್ಗೆ ನಿಲಂಗಾ ಸ್ಟ್ಯಾಂಡಿನ ತನಕ ಬಂದು ನಿನ್ನನ್ನು ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಕೈ ಹಾಕಿ, “ಇನ್ನ ಪೊಲೀಸ್ ವರ್ದಿ ಹಾಕ್ಕೊಂಡೇ ಮನಿಗಿ ಬಾ, ಇಲ್ಲಾಂದ್ರ ಬರಬ್ಯಾಡ” ಅಂದೆ. ನಾನು ನಕ್ಕೆ, ಕಂಡಕ್ಟರ್ ನಕ್ಕ. ನೀನು ನಗಲಿಲ್ಲ. ಮನೆಗೆ ಬಂದು ನೋಡಿದರೆ ನಿನ್ನ ಅರ್ಧ ಉಳಿದ ಡಬ್ಬಿ ಗೂಡಿನಲ್ಲೇ ಮರೆತುಹೋಗಿತ್ತು.

ಅದೇ ದಿನ ಮಧ್ಯಾಹ್ನ ಉಮರ್ಗಾಕ್ಕೆ ಹೋದೆ. ಅಂಗಡಿಯ ಹುಡುಗನ ಹೆಸರು ಶುಭಂ, ಅವನ ತೋಳು ನನ್ನ ತೊಡೆಯಷ್ಟು ದಪ್ಪ. ಒಳಗೆ ಕಾಲಿಟ್ಟರೆ ರಸಗೊಬ್ಬರದ ಅಂಗಡಿಗೆ ಬಂದೆನೇನೋ ಅನ್ನಿಸಿತು. ನೆಲದಿಂದ ಜಂತಿಯ ತನಕ ಡಬ್ಬಿಗಳು. ಒಂದು ಸ್ನಾಯು ಬೆಳೆಸುವುದು, ಒಂದು ತೂಕ ಏರಿಸುವುದು, ಒಂದು ತೂಕ ಇಳಿಸುವುದು, ಒಂದು ಓಡುವ ಮೊದಲು, ಒಂದು ಓಡಿದ ಮೇಲೆ. ನಮ್ಮ ಕಾಲದಲ್ಲಿ ಹಾಲು, ತುಪ್ಪ, ಅರೆದ ಬದಾಮಿ ಇಷ್ಟರಲ್ಲೇ ಹತ್ತುವುದು ಇಳಿಯುವುದು ಎಲ್ಲ ಆಗುತ್ತಿತ್ತು. ಪ್ರೋಟೀನ್ ಯಾವುದರಿಂದ ಮಾಡುತ್ತಾರಪ್ಪಾ ಎಂದು ಕೇಳಿದರೆ ಪನೀರು ಮಾಡುವಾಗ ಉಳಿಯುವ ನೀರನ್ನು ಒಣಗಿಸಿದ ಪುಡಿ ಅಂದ. “ಯಾತರ ಹಾಲು? ಆಕಳದೋ, ಎಮ್ಮಿದೋ, ಕುರಿದೋ?” ಅಂದೆ. ಅವನು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತ. ಆಮೇಲೆ ಮಾತ್ರ ಸಮಾಧಾನದಿಂದ ಹೇಳಿದ, “ಕಾಕಾ, ಡಬ್ಬಿ ಮುಂದಿನ ಚಿತ್ರ ನೋಡಬ್ಯಾಡ್ರಿ, ಹಿಂದಿನ ಸಣ್ಣ ಅಕ್ಷರ ಓದ್ರಿ.” ಏನೇನು ಬೆರೆಸಿದ್ದಾರೆ, ಒಂದು ಚಮಚದಲ್ಲಿ ಎಷ್ಟು ಪ್ರೋಟೀನ್, ಸರ್ಕಾರದ ಆಹಾರ ಪರವಾನಿಗೆಯ ನಂಬರು ಇದೆಯೋ ಇಲ್ಲವೋ, ತಾರೀಕು ಮುಗಿದಿದೆಯೋ, ಸೀಲು ಗಟ್ಟಿ ಇದೆಯೋ ಎಂದು ನೋಡಬೇಕಂತೆ. ನಾನು ಚಷ್ಮಾ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವನೇ ಓದಿ ಹೇಳಿದ, ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಕೊನೆಗೆ ಒಂದು ಡಬ್ಬಿ ಕೈಗೆ ಕೊಡುವಾಗ, “ದಿನಾ ಒಂದೇ ಚಮಚಾ ಸಾಕು. ಖರೆ, ಕೈ ನಡಗ್ತಾವ ಅಂದ್ರಲ್ಲ, ಮೊದಲ ಡಾಕ್ಟರಿಗಿ ತೋರಿಸ್ರಿ, ಆಮ್ಯಾಲ ತಿನ್ನಲಿ” ಅಂದ. ಮಾರುವವನೇ ಡಾಕ್ಟರನ್ನು ಕೇಳು ಅನ್ನುತ್ತಾನಲ್ಲ, ಇವನ ಮಾಲಿನಲ್ಲೇ ಏನೋ ಐಬು ಇದೆ ಎಂದು ಬಸ್ಸಿನುದ್ದಕ್ಕೂ ನನಗೆ ಅನುಮಾನ. ನನ್ನ ಬುದ್ಧಿಗೆ ಏನು ಹೇಳಲಿ!

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದೆ. ಮನೆಗೆ ಹೊಸ ಹಾಲು ಬಂದರೆ ಮನೆದೇವರು ಬಿರಪ್ಪನ ಹೆಸರಿನಲ್ಲಿ ಉಕ್ಕಿಸದೆ ಯಾರೂ ಬಾಯಿಗೆ ಮುಟ್ಟಿಸುವುದಿಲ್ಲ. ಇದು ಹಾಲಿನ ಪುಡಿ ಎಂದು ನಾನು ಹೇಳಿದ್ದೇ ತಪ್ಪಾಯಿತು. ಶುಕ್ರವಾರ ಬೆಳಿಗ್ಗೆ ಆಯಿ ಸ್ನಾನ ಮಾಡಿ, ಅಂಗಳ ಸಾರಿಸಿ, ಮೂರು ಕಲ್ಲು ಹೂಡಿ, ಮಣ್ಣಿನ ಗಡಿಗೆಗೆ ಅರಿಶಿನದ ಭಂಡಾರ ಹಚ್ಚಿದಳು. ಉಮರ್ಗಾದ ಹೊಸ ಡಬ್ಬಿಯ ಸೀಲು ಕಿತ್ತು ನಾಲ್ಕು ಚಮಚ ನೀರಿಗೆ ಕಲಸಿ ಒಲೆಗೆ ಇಟ್ಟಳು. ಬಿಸಿ ಏರುತ್ತಲೇ ಅದು ಗಂಟುಗಂಟಾಗಿ ಒಡೆದುಹೋಯಿತು. ಆಯಿಯ ಮುಖ ನೋಡಬೇಕಿತ್ತು. “ಹಾಲ ಒಡೀತು ನೋಡ್ರಿ! ಇದು ನನ್ನ ಮೊಮ್ಮಗಳ ಹೊಟ್ಯಾಗ ಹೋಗಬಾರದು” ಎಂದು ಆ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ಆಮೇಲೆ ಗೂಡಿನಲ್ಲಿದ್ದ ನಿನ್ನ ಹಳೆಯ ಡಬ್ಬಿ ನೆನಪಾಯಿತು. ಬೇರೆ ಗಡಿಗೆ ತೊಳೆದು ಅದನ್ನೂ ಇಟ್ಟಳು. ಅದು ಬೆಳ್ಳಗೆ, ದಪ್ಪಗೆ ಮೇಲೆದ್ದು, ಸೂರ್ಯನ ದಿಕ್ಕಿಗೇ ಉಕ್ಕಿ ಚೆಲ್ಲಿತು. “ಬಿರಪ್ಪ ಹೂಂ ಅಂದಾನ!” ಎಂದು ಆಯಿ ಅಂಗಳದ ತುಂಬ ಭಂಡಾರ ತೂರಿದಳು. ನಾನೂ ಅಡ್ಡ ಬಿದ್ದೆ. ಎರಡು ಚಮಚ ಪುಡಿಯನ್ನು ಕಾಗದದಲ್ಲಿ ಕಟ್ಟಿ ದೇವರ ಮುಂದೆ ಇಟ್ಟುಕೊಂಡು ಉಳಿದದ್ದನ್ನು ಪ್ರಸಾದವೆಂದು ನಿನಗೆ ಕಳಿಸಿದೆವು. ನಮ್ಮ ಓಣಿಯ ಸುನಿಲ ಪಿಕಪ್ ಗಾಡಿಯಲ್ಲಿ ಉದಗೀರದ ಅಡತಿಗೆ ಮಾಲು ಒಯ್ಯುತ್ತಾನಲ್ಲ, ಅವನ ಕೈಯಲ್ಲಿ. ದಿನಾ ಮೂರು ಚಮಚ ತಿನ್ನಲಿ ಎಂದು ಹೇಳಿ ಕಳಿಸಿದ್ದೂ ನಾವೇ.

ಶನಿವಾರ ಮರಿಗಳ ಹೊಕ್ಕುಳಿಗೆ ಹಚ್ಚುವ ಅಯೋಡಿನ್ ತರಲು ಮೆಡಿಕಲ್ ಅಂಗಡಿಯ ಮೀನಲಳ ಹತ್ತಿರ ಹೋಗಿದ್ದೆ. ಬಿರಪ್ಪ ಹೇಗೆ ಹೂಂ ಅಂದ ಎಂದು ದೊಡ್ಡ ಬಾಯಿ ಮಾಡಿ ಹೇಳಿದೆ. ಅವಳು ನಗಲಿಲ್ಲ. “ಮುತ್ಯಾ, ಈ ಥರದ ಹಾಲಿನ ಪ್ರೋಟೀನ್ ಕುದಿಸಿದ್ರ ಒಡೀಲಿಕ್ಕೇ ಬೇಕು. ದಪ್ಪ ಆಗಿ ಉಕ್ಕೋದು ಹಿಟ್ಟು. ಅಂಬಲಿ ಕುದಿಯೋದು ನೀವು ನೋಡಿಲ್ಲೇನು?” ಅಂದಳು. ಎರಡೂ ಪುಡಿಯನ್ನು ಬೇರೆ ಬೇರೆ ನೀರಿಗೆ ಕಲಸಿ, ಇದೇ ಅಯೋಡಿನ್ ಎರಡು ಹನಿ ಬಿಟ್ಟು ನೋಡಿರಿ, ಹಿಟ್ಟು ಇದ್ದರೆ ಕಪ್ಪಾಗುತ್ತದೆ ಅಂದಳು. ಮನೆಗೆ ಬಂದು ಆಯಿ ಕುರಿ ಹಟ್ಟಿಯಲ್ಲಿದ್ದಾಗ ಅಟ್ಟದ ಡಬ್ಬಿಯಿಂದಲೂ ಒಂದು ಚಿಟಿಕೆ ತೆಗೆದು ಎರಡು ಬಸಿಯಲ್ಲಿ ಕಲಸಿದೆ. ಉಮರ್ಗಾದ್ದು ಕಂದು ಬಣ್ಣದಲ್ಲೇ ನಿಂತಿತು. ದೇವರ ಮುಂದಿನ ಪುಡಿ ಶಾಯಿಯಂತೆ ನೀಲಿಗಪ್ಪಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನೇ ನಿನಗೆ ನೂರು ಸಲ ಹೇಳಿದವನು. ನಿನ್ನ ಡಬ್ಬಿಯ ಮೇಲೆ ಹಾಲಿನ ಪ್ರೋಟೀನ್ ಬಿಟ್ಟು ಬೇರೇನೂ ಇಲ್ಲ ಎಂದು ಬರೆದದ್ದು ನನಗೆ ಚೆನ್ನಾಗಿ ನೆನಪಿದೆ. ಮೂರು ತಿಂಗಳು ನೀನು ಹಿಟ್ಟು ತಿಂದು ಓಡಿದ್ದೀಯ ಮಗಳೇ.

ಆದರೂ ನನ್ನ ಗೊಂದಲ ಮುಗಿದಿಲ್ಲ. ಸಂಜೆ ಮತ್ತೆ ಮೀನಲಳ ಹತ್ತಿರ ಹೋದೆ. ಹಿಟ್ಟು ತಿಂದರೆ ಕೈ ನಡುಗುವುದಿಲ್ಲ, ಅದರಲ್ಲಿ ಇನ್ನೇನು ಬೆರೆತಿದೆಯೋ ಅಯೋಡಿನ್ ಹೇಳುವುದಿಲ್ಲ ಅಂದಳು. ಓಡುವ ಮೊದಲು ಸರ್ ಒಂದು ಕೆಂಪು ಶರಬತ್ತು ಕುಡಿಸುತ್ತಾರೆ ಎಂದು ನೀನು ಆಯಿಗೆ ಹೇಳಿದ್ದೆಯಲ್ಲ, ಅದನ್ನು ಹೇಳಿದ ಕೂಡಲೇ ಅವಳ ಹುಬ್ಬು ಗಂಟಾಯಿತು. ಅಂಥದ್ದರಲ್ಲಿ ಎಷ್ಟೋ ಕಪ್ ಚಹಾದ ಕಸುವು ಒಮ್ಮೆಗೇ ಇರಬಹುದಂತೆ. ಇರಬಹುದು, ಇಲ್ಲದಿರಬಹುದು, ಉದಗೀರದ ಸರ್ಕಾರಿ ದವಾಖಾನೆಯಲ್ಲಿ ರಕ್ತ ತೋರಿಸದೆ ತಿಳಿಯದು ಅಂದಳು. ಹಾಗಾದರೆ ಉಮರ್ಗಾದ ಡಬ್ಬಿ ಕಳಿಸಲೇ ಎಂದರೆ, ಡಾಕ್ಟರು ಹೂಂ ಅಂದರೆ ತಿನ್ನಲಿ, ಆದರೆ ಮೊಟ್ಟೆ, ಬೇಳೆ, ಶೇಂಗಾ, ಹಾಲು ಹೊಟ್ಟೆ ತುಂಬ ತಿನ್ನುವವರಿಗೆ ಅದು ಬೇಕೇ ಬೇಕು ಅಂತೇನೂ ಇಲ್ಲ ಅಂದಳು. ಶುಭಂ ಒಂದು ಚಮಚ ಅನ್ನುತ್ತಾನೆ, ಸರ್ ಮೂರು ಅನ್ನುತ್ತಾರೆ, ಇವಳು ಬೇಡವೇ ಬೇಡ ಅಂದಂತೆಯೂ ಅನ್ನುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ನಾವು ಶೇಂಗಾ ಮಾರಿ ಡಬ್ಬಿ ಕೊಂಡೆವೋ ಏನೋ. ನನಗೆ ಖಾತ್ರಿಯಾಗಿ ತಿಳಿದದ್ದು ಇಷ್ಟೇ: ಹಳೆಯ ಡಬ್ಬಿ ಚೆಲ್ಲು, ಕೆಂಪು ಶರಬತ್ತು ಕುಡಿಯಬೇಡ, ಈ ಕಾಗದ ಸಿಕ್ಕ ದಿನವೇ ದವಾಖಾನೆಗೆ ಹೋಗು.

ಇಲ್ಲಿಯ ತನಕ ಬರೆಯುವಷ್ಟರಲ್ಲಿ ಆಯಿ ಬಂದು ಪಕ್ಕದಲ್ಲಿ ಕೂತಳು, ಓದಿ ಹೇಳಿರಿ ಅಂದಳು. ಅವಳಿಗೆ ಏನೂ ಹೇಳಿರಲಿಲ್ಲ. ದೇವರ ಹೆಸರಿನಲ್ಲಿ ಕಳಿಸಿದ್ದು ಸುಳ್ಳು ಪುಡಿ ಎಂದು ಹೇಗೆ ಹೇಳುವುದು? ಆದರೆ ಐವತ್ತು ವರ್ಷದಲ್ಲಿ ಅವಳಿಂದ ಮುಚ್ಚಿಟ್ಟದ್ದು ಯಾವುದೂ ದಕ್ಕಿಲ್ಲ, ಓದಿಬಿಟ್ಟೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು, “ಬಿರಪ್ಪ ಸುಳ್ಳ ಹೇಳಿಲ್ಲ. ನಾ ಕೇಳಿದ್ದೇ ಬ್ಯಾರೆ. ನನ್ನ ರೂಪಾಲಿ ಗೆಲ್ತಾಳೇನಪ್ಪಾ ಅಂತ ಕೇಳಿದ್ದೆ, ಇದು ಹಾಲೇನು ಅಂತ ಕೇಳಿರಲಿಲ್ಲ. ಉಕ್ಕಿದ್ದು ಆಕಿ ಹೆಸರಿಗಿ, ಡಬ್ಬಿ ಹೆಸರಿಗಿ ಅಲ್ಲ.” ಎದ್ದು ತಾನೇ ಅಟ್ಟದಿಂದ ಉಮರ್ಗಾದ ಡಬ್ಬಿ ಇಳಿಸಿ ತಂದಳು. ಅದರ ಮುಚ್ಚಳಕ್ಕೆ ಭಂಡಾರ ಹಚ್ಚಿ, ಡಾಕ್ಟರನ್ನು ಕೇಳಿದ ಮೇಲೆಯೇ ತೆಗೆಯಲಿ ಎಂದು ನಿನಗೆ ಬರೆಯಲು ಹೇಳಿದ್ದಾಳೆ. ಜೊತೆಗೆ ಶೇಂಗಾ ಉಂಡಿ ಇವೆ. ಎಲ್ಲವನ್ನೂ ಸುನಿಲ ನಾಳೆ ನಸುಕಿಗೆ ತರುತ್ತಾನೆ.

ಸರ್ ಜೊತೆ ಈಗ ಜಗಳ ತೆಗೆಯಬೇಡ, ಆ ಕುಸ್ತಿ ನನಗೆ ಬಿಡು. ಮುಂದಿನ ಭಾನುವಾರ ಫೋನಿನಲ್ಲಿ “ಹಾಲ ಒಡೀತು ಮುತ್ಯಾ” ಅನ್ನು ಸಾಕು, ಡಬ್ಬಿ ಚೆಲ್ಲಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ಮಲಗು. ಬಿರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಮುತ್ಯಾ,
ಮಲ್ಲಣ್ಣ

ತಾ.ಕ.: ಸೋಮವಾರ ನಸುಕಾಯಿತು, ಸುನಿಲ ಗಾಡಿಯ ಹಾರ್ನ್ ಹೊಡೆಯುತ್ತಿದ್ದಾನೆ, ಆದರೆ ಬರೆಯಬೇಕಾಗಿದ್ದದ್ದೇ ಉಳಿದುಹೋಗಿದೆ. ನಿಲಂಗಾ ಸ್ಟ್ಯಾಂಡಿನಲ್ಲಿ ನಾನು ಹೇಳಿದ ಮಾತಿಗೆ ಹೆದರಿಯೇ ನೀನು ಮೂರು ಚಮಚಕ್ಕೆ ಒಪ್ಪಿದ್ದೀಯ ಎಂದು ನಿನ್ನೆಯಿಂದ ನನಗೆ ಅನ್ನಿಸುತ್ತಿದೆ. ವರ್ದಿಯ ಆಸೆ ನಿನಗಿಂತ ನನಗೇ ಹೆಚ್ಚು, ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದವನೂ ನಾನೇ. ಆ ಮಾತು ಮರೆತುಬಿಡು. ಕೈ ಇನ್ನೂ ನಡುಗುತ್ತಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಓಡಬೇಡ, ಬಸ್ಸು ಹತ್ತು. ಯಾವ ಬಟ್ಟೆಯಲ್ಲಿದ್ದೀಯೋ ಅದೇ ಬಟ್ಟೆಯಲ್ಲಿ ಬಾ. ನಾನು ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ.