ಅರ್ಧ ಕಿತ್ತಳೆ

ತೈಮೂರಿ ಸಾಹೇಬರೇ,

ಗೋರಿಗೆ ಅಂಚೆ ಹೋಗುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಸಂವಿಧಾನ ಪೀಠದ ಹಿರಿಯ ನ್ಯಾಯಮೂರ್ತಿಯಾಗಿ ನಿಮ್ಮ ಕುರ್ಚಿಯಲ್ಲಿ ಕೂತಿದ್ದೆ. ಪ್ರಶ್ನೆಯೂ ನಿಮ್ಮ ಕಾಲದ್ದೇ. ಮೆರವಣಿಗೆಯಲ್ಲಿ ಸಿಕ್ಕಿಬಿದ್ದ ದರ್ಜಿಯೊಬ್ಬನ ವಿಚಾರಣೆಯನ್ನು ಸೇನಾ ನ್ಯಾಯಾಲಯ ಮಾಡಬಹುದೇ?

ವಾದ ಮುಗಿದು, ಸಮಾಲೋಚನೆಯ ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ಪದ್ಧತಿಯಂತೆ ಎಲ್ಲರಿಗಿಂತ ಕಿರಿಯ ನ್ಯಾಯಮೂರ್ತಿ ಶಹರ್ಯಾರ್‌ನನ್ನೇ ಮೊದಲು ಕೇಳಿದೆ. ಹಿರಿಯರ ಮುಖ ನೋಡಿಕೊಂಡು ಕಿರಿಯರು ಮಾತಾಡಬಾರದಲ್ಲ.

"ಆಗಲ್ಲ ಮೇಡಂ. ಹಿಡಿಯೋರೂ ಅವರೇ, ತೀರ್ಪು ಕೊಡೋರೂ ಅವರೇ ಅಂದ್ರೆ, ನಾವ್ಯಾಕೆ ಇಲ್ಲಿ ಚಾ ಕುಡೀತಾ ಕೂತಿರ್ಬೇಕು?" ಅಂದ.

ಹಿಂದೆ ಅವನ ಜಾಗದಲ್ಲಿ ಕೂತು ನಾನೂ ಹೀಗೇ ಅಂದಿದ್ದೆ. ನೀವು ಸರ್ಗೋಧಾದ ಕಿತ್ತಳೆ ಸುಲಿದು, ಅರ್ಧ ನನ್ನತ್ತ ಸರಿಸಿ, "ತಗೋ ಬೇಟಿ, ಚೆನ್ನಾಗಿ ಹೇಳ್ದೆ" ಅಂದಿರಿ. ಕೊನೆಗೆ ನಿಮ್ಮ ಸರದಿ ಬಂದಾಗ ಮಾತ್ರ ಸೇನೆಯ ಕಡೆ ಮತ ಹಾಕಿದಿರಿ. ಹಣ್ಣು ಕೊಡುವಾಗಲೇ ನಿರ್ಧರಿಸಿದ್ದಿರೋ, ಆಮೇಲೆ ಮನಸ್ಸು ಬದಲಾಯಿತೋ? ಈ ಕುತೂಹಲ ಇಷ್ಟು ವರ್ಷ ನನ್ನನ್ನು ಬಿಟ್ಟಿರಲಿಲ್ಲ.

ಇವತ್ತು ಶಹರ್ಯಾರ್ ಮಾತು ಮುಗಿಸುತ್ತಲೇ ನನ್ನ ಕೈ ತಾನಾಗಿಯೇ ತಟ್ಟೆಯ ಕಿತ್ತಳೆ ಎತ್ತಿ ಸುಲಿಯತೊಡಗಿತು. ಅರ್ಧ ಅವನತ್ತ ಸರಿಸಿದೆ. ಉತ್ತರ ಸಿಕ್ಕಿತು, ಸಾಹೇಬರೇ. ನಿಮಗೆ ಆಗಲೇ ಗೊತ್ತಿತ್ತು.

ಉಳಿದವರ ಮತ ಎರಡೂ ಕಡೆಗೆ ಸಮನಾಗಿ ಹಂಚಿಹೋಯಿತು. ನನ್ನದೊಂದೇ ಮತ ಬಾಕಿ ಇತ್ತು. ದರ್ಜಿ ಸೇನೆಯವರ ವಶದಲ್ಲೇ ಇರುತ್ತಾನೆ.

ಎಲ್ಲರೂ ಎದ್ದು ಹೋದ ಮೇಲೆ ನೋಡಿದರೆ, ಶಹರ್ಯಾರ್ ಒಂದು ತೊಳೆಯನ್ನೂ ಮುಟ್ಟಿರಲಿಲ್ಲ. ಆವತ್ತು ನಾನು ಅಷ್ಟನ್ನೂ ತಿಂದಿದ್ದೆ. ಸಿಹಿಯಾಗಿತ್ತು.